ಹನ್ನೊಂದು ಗೀಟು

ಮೊನ್ನೆ ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ರಿಪೋರ್ಟ್ ಬಂತು. ಹುಣ್ಣೆಲ್ಲ ಮಾಗಿದೆ. ಕಳೆದ ಜುಲೈಯಲ್ಲಿ ಮುಂಬೈನ ಪರೇಲ್‌ನ ಆಸ್ಪತ್ರೆಗೆ ಸೇರಿದ್ದೆ. ಈಗ ಮತ್ತೆ ಜುಲೈ, ಮತ್ತೆ ಮಳೆ. ಒಂದು ವರ್ಷದಿಂದ ಜೊತೆಗೆ ನಿಂತವರಿಗೆಲ್ಲ ಫೋನ್ ಮಾಡಿ ಹೇಳಬೇಕು ಅಂದುಕೊಂಡೆ. ಎರಡು ಫೋನ್ ಆಗುವಷ್ಟರಲ್ಲಿ ಗಂಟಲು ಕಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡ ಕರುಳಿನಲ್ಲಿ ಹುಣ್ಣಾಗಿ, ರಕ್ತದ ಜೊತೆ ಭೇದಿಯಾಗುವ ಅಲ್ಸರೇಟಿವ್ ಕೊಲೈಟಿಸ್ ನನ್ನನ್ನು ಏನು ಮಾಡಿತು ಅನ್ನೋದು ನಿಮಗೆ ಗೊತ್ತೇ ಇದೆ. ಎಂಟು ತಿಂಗಳು ಮೂಲವ್ಯಾಧಿ ಅಂತ ಸುಮ್ನೆ ಮುಲಾಮು ಹಚ್ಚಿಕೊಂಡು ಕೂತಿದ್ದೂ ಗೊತ್ತು. ಅದನ್ನು ಮತ್ತೆ ಹೇಳುವುದಿಲ್ಲ.

ನನ್ನ ಗಂಡ, ರಕ್ತ ಕೊಟ್ಟ ಕನ್ನಡ ಸಂಘದ ಹುಡುಗರು, ನನ್ನ ಕೌಂಟರಿನ ಕೆಲಸವನ್ನೂ ಮಾಡಿದ ಬ್ಯಾಂಕಿನ ಗೆಳತಿಯರು, ಮಗನನ್ನು ತಿಂಗಳುಗಟ್ಟಲೆ ಶಾಲೆಗೆ ಬಿಟ್ಟು ಕರೆದುಕೊಂಡು ಬಂದ ಎದುರು ಮನೆಯವರು, ವಿಮೆಯ ಕಾಗದಕ್ಕೆ ಓಡಾಡಿದ ಮೈದುನ, ವಾರ್ಡಿನ ಸಿಸ್ಟರ್‌ಗಳು, ಆಯಾ ಕೆಲಸದ ಮಾವ್ಶಿಯರು, ನನ್ನ ಡಾಕ್ಟರ್. ನಿಮಗೆಲ್ಲ ಕೈ ಮುಗಿಯುತ್ತೇನೆ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು ಅಂತ ಬೇಜಾರು ಮಾಡ್ಕೋಬೇಡಿ. ಉಳಿದ ಜಾಗ ಚಿಕ್ಕಮ್ಮನಿಗೆ ಬೇಕು.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಮದುವೆಯಾಗಿ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದವರು. ಚಿಕ್ಕಪ್ಪ ಹೋದಮೇಲೆ ಡೊಂಬಿವ್ಲಿಯಲ್ಲಿ ಒಂದು ಸಣ್ಣ ಮೆಸ್ ನಡೆಸುತ್ತಾರೆ. ದಿನಕ್ಕೆ ಮೂವತ್ತು ನಲವತ್ತು ಜನ ಅವರ ಕೈಯ ಊಟ ಮಾಡುತ್ತಾರೆ. ನಾನು ಆಸ್ಪತ್ರೆ ಸೇರಿದ ಮರುದಿನ ಮೆಸ್ಸಿಗೆ ಬೀಗ ಹಾಕಿ, ಬೆಳಗಿನ ಲೋಕಲ್ ಹಿಡಿದು, ಏಳು ಗಂಟೆಗೆ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಸ್ಟೀಲ್ ಡಬ್ಬಿಯಲ್ಲಿ ಕುಚ್ಚಲಕ್ಕಿ ಗಂಜಿ ತಿಳಿ. ಚೀಲದಲ್ಲಿ ನನಗೆ ನಾಲ್ಕು ಹಳೆ ಕಾಟನ್ ನೈಟಿ. ಜೊತೆಗೆ ಮೆಸ್ಸಿನ ಲೆಕ್ಕದ ಪುಸ್ತಕ. ಸಮಯ ಸಿಕ್ಕರೆ ತಿಂಗಳ ಲೆಕ್ಕ ಮಾಡೋಣ ಅಂತ ತಂದಿದ್ದರು.

ರಾತ್ರಿ ಎಂಟಕ್ಕೆ ನನ್ನ ಗಂಡ ಬಂದು ಅವರನ್ನು ಕಳಿಸಬೇಕಿತ್ತು. ಅವತ್ತು ಮಳೆ ಹೇಗೆ ಸುರಿಯಿತು ಅಂದರೆ, ಕುರ್ಲಾ, ಸಯನ್ ಹತ್ತಿರ ಹಳಿ ಮೇಲೆ ನೀರು ನಿಂತು ಲೋಕಲ್ ಬಂದ್ ಆಯಿತು. ಇವರು ದಾರಿಯಲ್ಲೇ ಸಿಕ್ಕಿಬಿದ್ದರು. "ನೀವು ಬರಬೇಡಿ, ನಾನಿದ್ದೇನೆ" ಅಂತ ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದು ಕೇಳಿಸಿತು. ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು ಕೂತರು.

ಸ್ಟೆರಾಯ್ಡ್ ಸಲೈನಿನಲ್ಲಿ ಹೋಗಲು ಶುರುವಾಗಿ ಅದು ಎರಡನೇ ರಾತ್ರಿ. ಎಷ್ಟು ಸಲ ಹೋದೆ, ರಕ್ತ ಇತ್ತಾ ಇಲ್ವಾ ಅಂತ 24 ಗಂಟೆ ಲೆಕ್ಕ ಇಡಿ ಎಂದು ಡಾಕ್ಟರ್ ಹೇಳಿಹೋಗಿದ್ದರು. ಲೆಕ್ಕ ನಾನೇ ಇಡುತ್ತೇನೆ ಅಂದಿದ್ದೆ. ಚಿಕ್ಕಮ್ಮ ಏನೂ ಹೇಳಲಿಲ್ಲ. ತಮ್ಮ ಪುಸ್ತಕ ತೆಗೆದು, ತೆಂಗಿನಕಾಯಿ, ಗ್ಯಾಸ್, ಅಕ್ಕಿ ಅಂತ ಬರೆದಿದ್ದ ಪುಟದ ಎದುರಿನ ಖಾಲಿ ಪುಟದಲ್ಲಿ ಗೀಟು ಎಳೆಯಲು ಶುರು ಮಾಡಿದರು. ನಾಲ್ಕು ನೇರ ಗೀಟು, ಐದನೆಯದು ಅಡ್ಡ. ಪ್ರತಿ ಗೀಟಿನ ಕೆಳಗೂ ಗಂಟೆ. ರಕ್ತ ಇದ್ದರೆ ಪಕ್ಕದಲ್ಲಿ ದುಂಡಗೆ ಒಂದು 'ರ'.

ಸಲೈನ್ ಸ್ಟ್ಯಾಂಡನ್ನು ಒಂದು ಕೈಯಲ್ಲಿ, ನನ್ನನ್ನು ಇನ್ನೊಂದು ಕೈಯಲ್ಲಿ ಹಿಡಿದು ಅಷ್ಟೂ ಸಲ ನಡೆಸಿದರು. ಬಿಸಿನೀರು ತಂದು ತೊಳೆದರು. ಮೂರು ನೈಟಿ ಒಗೆದು ಕಿಟಕಿಯ ಸರಳಿಗೆ ಹಾಕಿದರು. ಹೊಟ್ಟೆಗೆ ಹೆಪಾರಿನ್ ಇಂಜೆಕ್ಷನ್ ಕೊಡಲು ಸಿಸ್ಟರ್ ಬಂದಾಗ ಅಡ್ಡ ನಿಂತರು. ರಕ್ತ ಹೋಗುತ್ತಿರುವವಳಿಗೆ ರಕ್ತ ಗಟ್ಟಿಯಾಗದಂತೆ ಮಾಡುವ ಇಂಜೆಕ್ಷನ್ ಯಾಕೆ ಅಂತ ಅವರ ಪ್ರಶ್ನೆ. ಈ ಕಾಯಿಲೆ ಜೋರಾದಾಗ ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ, ಅದಕ್ಕೆ ಅಂತ ಸಿಸ್ಟರ್ ಮರಾಠಿಯಲ್ಲಿ ಸಮಾಧಾನವಾಗಿ ಹೇಳಿದರು. ಚಿಕ್ಕಮ್ಮ ಪಕ್ಕಕ್ಕೆ ಸರಿದರು. ಆಮೇಲೆ ರಾತ್ರಿಯೆಲ್ಲ ಗಂಟೆಗೊಮ್ಮೆ ನನ್ನ ಮೀನಖಂಡ ಮುಟ್ಟಿ ನೋಡುತ್ತಿದ್ದರು, ಬಾತಿದೆಯಾ ಅಂತ.

ಬೆಳಿಗ್ಗೆ ಡಾಕ್ಟರ್ ಬಂದರು. ಎಷ್ಟು ಸಲ ಅಂತ ಕೇಳಿದರು. ನಾನು ಆರು ಅಂದೆ.

ಸುಳ್ಳು. ಆಪರೇಶನ್ನಿನ ಭಯಕ್ಕೆ ಹೇಳಿದ ಸುಳ್ಳು. ಹಿಂದಿನ ದಿನವೇ ಸರ್ಜನ್ ಬಂದು ಹೊಟ್ಟೆ ಮುಟ್ಟಿ ನೋಡಿ ಹೋಗಿದ್ದರು. ದೊಡ್ಡ ಕರುಳು ತೆಗೆದು ಹೊಟ್ಟೆಗೆ ಮಲದ ಚೀಲ ಹಾಕುತ್ತಾರೆ ಅನ್ನೋದು ಬಿಟ್ಟು ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಕಡಿಮೆ ಹೇಳಿದರೆ ಇನ್ನೆರಡು ದಿನ ಕಾಯುತ್ತಾರೆ ಅಂದುಕೊಂಡೆ. ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆ, ಸಿಆರ್‌ಪಿ, 30ಕ್ಕೆ ಇಳಿದಿತ್ತು. ನನ್ನ ಆರನ್ನು ನಂಬಿದ್ದರೆ ನಿಜಕ್ಕೂ ಕಾಯುತ್ತಿದ್ದರು.

"ಆರಲ್ಲ ಡಾಕ್ಟ್ರೇ, ಹನ್ನೊಂದು" ಅಂತ ಚಿಕ್ಕಮ್ಮ ಪುಸ್ತಕ ತೆರೆದು ಮುಂದೆ ಹಿಡಿದರು. ಡಾಕ್ಟರಿಗೆ ಕನ್ನಡ ಬರುವುದಿಲ್ಲ. 'ರ' ಅಂದರೆ ರಕ್ತ ಅಂತ ಚಿಕ್ಕಮ್ಮನೇ ಒಂದೊಂದಕ್ಕೂ ಬೆರಳಿಟ್ಟು ತೋರಿಸಿದರು. ಹನ್ನೊಂದರಲ್ಲಿ ಒಂಬತ್ತಕ್ಕೆ 'ರ' ಇತ್ತು.

ಡಾಕ್ಟರ್ ಆಚೆ ಹೋದಮೇಲೆ ನಾನು ಚಿಕ್ಕಮ್ಮನಿಗೆ ಒಂದು ಮಾತು ಅಂದೆ. "ನಿಮ್ಮ ಸ್ವಂತ ಮಗಳಾಗಿದ್ದರೆ ಹೀಗೆ ಹೇಳುತ್ತಿದ್ದಿರಾ?"

ಚಿಕ್ಕಮ್ಮನಿಗೆ ಮಕ್ಕಳಿಲ್ಲ.

ಅವರು ನನ್ನನ್ನು ನೋಡಲಿಲ್ಲ. ಒಣಗಿದ ನೈಟಿಗಳನ್ನು ತೆಗೆದು ಮಡಚಿಟ್ಟರು. ಆಮೇಲೆ "ಗಂಜಿ ತಣಿದಿದೆ, ಎರಡು ಚಮಚ ಕುಡಿ ಮಾರಾಯ್ತಿ" ಅಂದರು. ನಾನು ಮುಖ ತಿರುಗಿಸಿಕೊಂಡು ಮಲಗಿದೆ. ಈ ವರ್ಷವೆಲ್ಲ ಆ ಮಾತು ನೆನಪಾದಾಗಲೆಲ್ಲ ಎದೆ ಹಿಂಡಿದ ಹಾಗೆ ಆಗುತ್ತದೆ. ಮನೆಯಲ್ಲಿ ಅವರ ಕಾಲು ಹಿಡಿದು ಕ್ಷಮೆ ಕೇಳಿದ್ದೇನೆ. ಆದರೆ ಆ ಮಾತನ್ನು ನಾನು ಅಂದಿದ್ದು ಇಡೀ ವಾರ್ಡಿಗೆ ಕೇಳುವ ಹಾಗೆ. ಕ್ಷಮೆಯನ್ನೂ ಎಲ್ಲರ ಎದುರಿಗೇ ಕೇಳಬೇಕು ಅಲ್ವಾ? ಚಿಕ್ಕಮ್ಮ, ತಪ್ಪಾಯಿತು.

ಆ ಹನ್ನೊಂದು ಅನ್ನೋ ಲೆಕ್ಕಕ್ಕೆ ಎಷ್ಟು ತೂಕ ಇತ್ತು ಅಂತ ನನಗೆ ಗೊತ್ತಾಗಿದ್ದು ಮನೆಗೆ ಬಂದಮೇಲೆ. 1996ರಲ್ಲಿ ಆಕ್ಸ್‌ಫರ್ಡಿನ ವೈದ್ಯರು ಒಂದು ಲೆಕ್ಕ ಕೊಟ್ಟಿದ್ದರು. ಸ್ಟೆರಾಯ್ಡ್ ಶುರುವಾದ ಮೂರನೇ ದಿನವೂ ದಿನಕ್ಕೆ ಎಂಟಕ್ಕಿಂತ ಜಾಸ್ತಿ ಸಲ ಹೋಗುತ್ತಿದ್ದರೆ, ಇಲ್ಲವೇ ಮೂರರಿಂದ ಎಂಟು ಸಲ ಹೋಗುತ್ತಾ ಸಿಆರ್‌ಪಿ 45ಕ್ಕಿಂತ ಮೇಲಿದ್ದರೆ, ಅಂಥವರಲ್ಲಿ 100ಕ್ಕೆ 85 ಮಂದಿಗೆ ಆಸ್ಪತ್ರೆಯಿಂದ ಹೊರಬೀಳುವ ಮೊದಲೇ ಕರುಳು ತೆಗೆಯುವ ಆಪರೇಶನ್ ಬೇಕಾಗುತ್ತಿತ್ತು. ಆಗ ಸ್ಟೆರಾಯ್ಡ್ ಸೋತಮೇಲೆ ಕೊಡಲು ಹೆಚ್ಚೇನೂ ಇರಲಿಲ್ಲ. ಈಗ ಮೂರನೇ ದಿನವೇ ಗೊತ್ತಾದರೆ ಇನ್ನೊಂದು ಔಷಧಿಗೆ ಸಮಯ ಸಿಗುತ್ತದೆ. ಸುಮ್ನೆ ಕಾಯುತ್ತಾ ಕೂತರೆ ಕರುಳು ಉಬ್ಬಿ ತೂತಾಗಬಹುದು. ಅಂದರೆ, ಚಿಕ್ಕಮ್ಮನ ಲೆಕ್ಕ ನನ್ನನ್ನು ಆಪರೇಶನ್ನಿಗೆ ತಳ್ಳಲಿಲ್ಲ. ಅದರಿಂದ ದೂರ ಎಳೆಯಿತು.

ಅವತ್ತೇ ಸಂಜೆ ನನಗೆ ಆ ಇನ್ನೊಂದು ಔಷಧಿ, ಕರುಳಿನ ಉರಿಯೂತ ಇಳಿಸುವ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟರು. ಒಳಗೆ ಟಿಬಿ ಅಡಗಿದ್ದರೆ ಈ ಔಷಧಿ ಅದನ್ನು ಎಬ್ಬಿಸಬಹುದು. ನಮ್ಮ ಊರುಗಳಲ್ಲಿ ಟಿಬಿ ಎಷ್ಟಿದೆ ಅಂತ ಹೇಳಬೇಕಾಗಿಲ್ಲ. ಡಾಕ್ಟರ್ ಮೊದಲ ದಿನವೇ ಎದೆಯ ಎಕ್ಸ್‌ರೇ, ಟಿಬಿಯ ರಕ್ತಪರೀಕ್ಷೆ ಮಾಡಿಸಿಟ್ಟಿದ್ದರು. ಅದಕ್ಕೇ ಒಂದು ದಿನವೂ ಹಾಳಾಗಲಿಲ್ಲ. ಎರಡು ಗಂಟೆ ಹನಿ ಹನಿಯಾಗಿ ಹೋಯಿತು. ನಾಲ್ಕನೇ ದಿನಕ್ಕೆ ಗೀಟುಗಳು ನಾಲ್ಕಕ್ಕೆ ಇಳಿದವು. ಒಂದಕ್ಕೂ 'ರ' ಇರಲಿಲ್ಲ.

ಇನ್ನು ಕೆಲವರಿಗೆ ಕೈ ಮುಗಿಯಬೇಕು, ಈ ಔಷಧಿಗಳನ್ನು ಪರೀಕ್ಷಿಸುವ ಟ್ರಯಲ್‌ಗಳಿಗೆ ಸೇರಿದ ರೋಗಿಗಳಿಗೆ. ಅವರ ಹೆಸರು ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಸ್ಟೆರಾಯ್ಡ್ ಈ ಕಾಯಿಲೆಗೆ ಕೆಲಸ ಮಾಡುತ್ತದೆ ಅಂತ ತೋರಿಸಿದ್ದು 1955ರಲ್ಲಿ, ಟ್ರೂಲವ್ ಮತ್ತು ವಿಟ್ಸ್ ಎಂಬ ಇಬ್ಬರು ವೈದ್ಯರು. ಅವರ ಟ್ರಯಲ್‌ನಲ್ಲಿ 210 ರೋಗಿಗಳಿದ್ದರು. ಕಾಯಿಲೆ ಜೋರಾಗಿದೆಯಾ ಅಂತ ನೋಡಲು ಅವರು ಇಟ್ಟ ಅಳತೆಯನ್ನೇ ನನ್ನ ಕೇಸ್ ಪೇಪರಿನಲ್ಲೂ ಬರೆದಿದ್ದರು: ದಿನಕ್ಕೆ ಆರು ಅಥವಾ ಅದಕ್ಕಿಂತ ಜಾಸ್ತಿ ಸಲ, ರಕ್ತ, ನಾಡಿ, ಜ್ವರ, ಹಿಮೋಗ್ಲೋಬಿನ್. 2005ರಲ್ಲಿ ಸ್ವೀಡನ್, ಡೆನ್ಮಾರ್ಕಿನ ಟ್ರಯಲ್ ಬಂತು. ಸ್ಟೆರಾಯ್ಡ್‌ಗೆ ಬಗ್ಗದ 45 ಮಂದಿ. 24 ಮಂದಿಗೆ ಇನ್‌ಫ್ಲಿಕ್ಸಿಮ್ಯಾಬ್, 21 ಮಂದಿಗೆ ಅದರ ಹಾಗೇ ಕಾಣುವ, ಔಷಧಿ ಇಲ್ಲದ ಸಲೈನ್. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ. ಮೂರು ತಿಂಗಳಲ್ಲಿ ಮೊದಲ ಗುಂಪಿನ 7 ಮಂದಿಗೆ ಆಪರೇಶನ್ ಆಯಿತು. ಎರಡನೇ ಗುಂಪಿನ 14 ಮಂದಿಗೆ.

ಆ 14 ಮಂದಿಯನ್ನು ನೆನೆದಾಗ ನನಗೆ ಅಳು ಬರುತ್ತದೆ. ಅವರೂ ನನ್ನ ಹಾಗೇ ಭಯಪಟ್ಟಿರಬೇಕು. ಆದರೂ ಸಹಿ ಹಾಕಿದರು. ನನಗೆ ಅವತ್ತು ಸಂಜೆ ಸಿಕ್ಕ ಬಾಟಲಿಯಲ್ಲಿ ಅವರ ಪಾಲೂ ಇದೆ. ನಮ್ಮ ದೇಶದಲ್ಲೂ ಕೆಲಸ ನಡೆಯುತ್ತಿದೆ. ಲುಧಿಯಾನಾದ ವೈದ್ಯರು 104 ಮಂದಿಯ ಮೇಲೆ ಮಾಡಿದ ಟ್ರಯಲ್ 2024ರಲ್ಲಿ ಪ್ರಕಟವಾಯಿತು. ಸ್ಟೆರಾಯ್ಡ್ ಜೊತೆಗೇ ಟೊಫಾಸಿಟಿನಿಬ್ ಮಾತ್ರೆ ಕೊಟ್ಟಾಗ ಏಳನೇ ದಿನಕ್ಕೆ 100ಕ್ಕೆ 83 ಮಂದಿ ಸುಧಾರಿಸಿದರು, ಬರೀ ಸ್ಟೆರಾಯ್ಡ್‌ನಲ್ಲಿ 59. ಸಲೈನ್ ಬಾಟಲಿಯಲ್ಲ, ನುಂಗುವ ಮಾತ್ರೆ. ಇದು ನನಗೆ ತುಂಬಾ ದೊಡ್ಡ ವಿಷಯ ಅನ್ನಿಸುತ್ತದೆ.

ಆಪರೇಶನ್ ಆದವರು ಸೋತವರು ಅಂತ ನಾನು ಹೇಳುತ್ತಿಲ್ಲ. ಪುಣೆಯ ಗೆಳತಿಯೊಬ್ಬಳು ಹೊಟ್ಟೆಯ ಮೇಲಿನ ಚೀಲದ ಜೊತೆಗೇ ಆಫೀಸು, ಮನೆ, ಊರಿನ ಜಾತ್ರೆ ಎಲ್ಲ ಮಾಡುತ್ತಾಳೆ. ಅವಳ ಜೊತೆ ಮಾತಾಡಿದಮೇಲೆ ನನ್ನ ಭಯ ಅರ್ಧ ಇಳಿಯಿತು. ನಾಳೆ ನನಗೂ ಬೇಕಾಗಬಹುದು. ಬೇಕಾದರೆ ಮಾಡಿಸಿಕೊಳ್ಳುತ್ತೇನೆ.

ಕಳೆದ ತಿಂಗಳು ನಾನೂ ಒಂದು ಅಧ್ಯಯನಕ್ಕೆ ಸಹಿ ಹಾಕಿದೆ. ಹೊಸ ಔಷಧಿಯೇನಲ್ಲ, ನಮ್ಮಂಥವರ ಮಾಹಿತಿ ವರ್ಷಗಟ್ಟಲೆ ಬರೆದಿಡುವುದು. ಒಂದು ಡೈರಿ ಕೊಟ್ಟಿದ್ದಾರೆ. ಪ್ರತಿ ರಾತ್ರಿ ಎಷ್ಟು ಸಲ, ರಕ್ತ ಇತ್ತಾ ಅಂತ ತುಂಬುತ್ತೇನೆ. ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಅದರ ಮೊದಲ ಪುಟಕ್ಕೆ ಚಿಕ್ಕಮ್ಮನ ಲೆಕ್ಕದ ಪುಸ್ತಕದ ಆ ಹಾಳೆ ಅಂಟಿಸಿಕೊಂಡಿದ್ದೇನೆ.

ಈಗ ಎಂಟು ವಾರಕ್ಕೊಮ್ಮೆ ಇನ್‌ಫ್ಲಿಕ್ಸಿಮ್ಯಾಬ್. ಮುಂದಿನದು ಬರುವ ಗುರುವಾರ. ನಾನೊಬ್ಬಳೇ ಹೋಗಿ ಬರುತ್ತೇನೆ ಅಂದೆ. ಚಿಕ್ಕಮ್ಮ ಆಗಲೇ ಮೆಸ್ಸಿನ ಬಾಗಿಲಿಗೆ ಬೋರ್ಡ್ ಹಾಕಿಬಿಟ್ಟಿದ್ದಾರೆ. ಕನ್ನಡದಲ್ಲೊಂದು, ಮರಾಠಿಯಲ್ಲೊಂದು: ಗುರುವಾರ ಊಟ ಇಲ್ಲ, ಮಗಳ ಜೊತೆ ಆಸ್ಪತ್ರೆಗೆ ಹೋಗಲಿಕ್ಕಿದೆ.