ಕೋಲು ಹಿಡಿದವನ ಮುಖಕ್ಕೆ ಬಾಗಿಲು

ಈ ಸಲದ ಸಂಪಾದಕೀಯವನ್ನು ಧಾರವಾಡದಿಂದ ಬರೆಯುತ್ತಿದ್ದೇನೆ. ಸಂಚಿಕೆ ಹತ್ತು ದಿನ ತಡವಾಗಿದ್ದಕ್ಕೂ ಅದೇ ಕಾರಣ: ತಮ್ಮನ ಮಗಳ ಮದುವೆ. ಮದುವೆ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದರೆ ಯಾರಾದರೂ ಬಂದು ಅದರ ಮೇಲೇ ಎಲೆ-ಅಡಿಕೆ ತಾಟು ಇಟ್ಟು ಹೋಗುತ್ತಾರೆ. ಬೈಯುವವರು ತಮ್ಮನಿಗೆ ಬೈಯಿರಿ.

ಮದುವೆ ನಡೆದದ್ದು ಹುಬ್ಬಳ್ಳಿಯಲ್ಲಿ, ವಿದ್ಯಾನಗರದ ಕಡೆಯ ಒಂದು ಕಲ್ಯಾಣಮಂಟಪದಲ್ಲಿ. ಈಗೀಗ ಬಾಗಿಲಿಗೆ ಇಬ್ಬರು ಹುಡುಗರನ್ನು ನಿಲ್ಲಿಸುವ ರೂಢಿ ಬಂದಿದೆ. ಕೆಂಪು ಜರಿ ಅಂಗಿ, ಗಿಳಿಹಸಿರು ಪಟಕಾ, ಕೈಯಲ್ಲಿ ಬೆಳ್ಳಿ ಕೋಲು. ಹಳೆಯ ದರ್ಬಾರಿನಲ್ಲಿ ಕೋಲು ಹಿಡಿದು ನಿಲ್ಲುತ್ತಿದ್ದವರ ಹಾಗೆ, ಬಾಡಿಗೆ ಚೋಪದಾರರು. ಹತ್ತಿರ ಹೋಗಿ ನೋಡಿದರೆ ಬೆಳ್ಳಿ ಕೋಲು ಅಂದದ್ದು ಕಿಟಕಿಗೆ ಪರದೆ ಹಾಕುವ ಸ್ಟೀಲ್ ರಾಡು. ತುದಿಗೆ ಅದರದ್ದೇ ಬಂಗಾರ ಬಣ್ಣದ ಗುಬುಟು. ಹುಡುಗ ಪಿಯುಸಿ ಎರಡನೇ ವರ್ಷದವನು. ಏನಪಾ ನಿನ್ನ ಕೆಲಸ ಅಂದೆ. "ನಿಂದ್ರೂದ್ರೀ" ಅಂದ.

ಬರೀ ನಿಂತಿರಲಿಲ್ಲ ಅವನು. ಅಕ್ಕಿಕಾಳು ಬೀಳಲು ಇನ್ನೂ ಐದು ನಿಮಿಷ ಇದ್ದಾಗ ಊರಿನ ಮುಖಂಡರೊಬ್ಬರು ಹದಿನೈದು ಜನರ ದಂಡು ಕಟ್ಟಿಕೊಂಡು ಬಂದರು. ನಡುವಿನ ಹಾದಿಯಲ್ಲಿ ವಿಡಿಯೋದವರ ಕ್ರೇನು ಓಡಾಡುತ್ತಿತ್ತು. ಹುಡುಗ ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದುಬಿಟ್ಟ. "ಅಕ್ಕಿಕಾಳು ಬೀಳೂತನಕಾ ಯಾರನ್ನೂ ಬಿಡಬ್ಯಾಡ ಅಂದಾರ್ರೀ." ಮುಖಂಡರು ಅವನನ್ನು ನೋಡಿದರು, ಕೋಲನ್ನು ನೋಡಿದರು, ನಿಂತರು. ಐದು ನಿಮಿಷ. ನನ್ನ ತಮ್ಮನಿಗೆ ಬೆವರು ಬಿಟ್ಟಿತ್ತು. ನಾಗರಿಕಶಾಸ್ತ್ರ ಕಲಿಸಿ ನಿವೃತ್ತರಾದ ನನ್ನ ಸೋದರಮಾವ ಮಾತ್ರ ಖುಷಿಯಿಂದ ನನ್ನ ತೊಡೆಗೆ ಹೊಡೆದರು: "ಥೇಟ್ ನಿಮ್ಮ ಲಂಡನ್ ಪಾರ್ಲಿಮೆಂಟ್ ನೋಡಪಾ! ಖರೆ ಉಲ್ಟಾ ಐತಿ. ಅಲ್ಲೆ ಕೋಲು ಹಿಡದಾಂವನ ಮಾರಿಗೇ ಬಾಗಲಾ ಹಾಕ್ತಾರ. ಯಾಕ ಹೇಳು?"

ಇಷ್ಟು ವರ್ಷ ಇಂಗ್ಲೆಂಡಿನಲ್ಲಿದ್ದು ಆ ದೃಶ್ಯ ಟಿವಿಯಲ್ಲಿ ಬಂದಾಗಲೆಲ್ಲ "ಏನೋ ನಾಟಕ" ಅಂತ ಚಾನೆಲ್ ಬದಲಿಸಿದವನು ನಾನು. ನಿಮ್ಮಲ್ಲೂ ಬಹಳ ಮಂದಿ ಬದಲಿಸಿರುತ್ತೀರಿ. ಊಟದ ಪಂಕ್ತಿ ಮೂರನೇದಕ್ಕೆ ಹೋಗುವ ತನಕ ಮಾವನ ಮುಂದೆ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಸಂಸತ್ತಿನ ಅಧಿವೇಶನ ಆರಂಭವಾಗುವ ದಿನ ರಾಜ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸಿಂಹಾಸನದ ಮೇಲೆ ಕೂತು, ಜನ ಆರಿಸಿದ ಕೆಳಮನೆ ಹೌಸ್ ಆಫ್ ಕಾಮನ್ಸ್ ಸದಸ್ಯರನ್ನು ಕರೆತರಲು ಬ್ಲಾಕ್ ರಾಡ್ ಎಂಬ ಅಧಿಕಾರಿಯನ್ನು ಕಳಿಸುತ್ತಾನೆ. ಹೆಸರು ಬಂದದ್ದು ಕೈಯಲ್ಲಿರುವ ಕೋಲಿನಿಂದಲೇ: ಎಬನಿ ಮರದ ಕರಿ ಕೋಲು, ಮೂರೂವರೆ ಅಡಿ, ತುದಿಗೆ ಬಂಗಾರದ ಸಿಂಹ. ಲಾಬಿ ದಾಟಿ ಕಾಮನ್ಸ್ ಬಾಗಿಲಿನ ಹತ್ತಿರ ಬಂದ ಕೂಡಲೇ ಒಳಗಿನವರು ಧಡಾರನೆ ಕದ ಹಾಕುತ್ತಾರೆ. ಕೋಲಿನಿಂದ ಮೂರು ಸಲ ಬಡಿಯಬೇಕು. ಬಡಿದು ಬಡಿದು ಆ ಕದದ ಮೇಲೆ ಗುರುತೇ ಬಿದ್ದಿದೆ. ಆಮೇಲೆ ತೆರೆಯುತ್ತಾರೆ, ರಾಜನ ಅಪ್ಪಣೆ ಕೇಳಿಸಿಕೊಂಡು, ಪಕ್ಕದವರ ಜೊತೆ ಹರಟುತ್ತ, ಬೇಕಂತಲೇ ನಿಧಾನವಾಗಿ ಹೊರಡುತ್ತಾರೆ. ರಾಜ ಸುರಕ್ಷಿತವಾಗಿ ವಾಪಸ್ ಬರುವ ತನಕ ಕಾಮನ್ಸಿನ ಒಬ್ಬ ಸದಸ್ಯನನ್ನು ಅರಮನೆಯಲ್ಲಿ ಒತ್ತೆ ಇಟ್ಟುಕೊಳ್ಳುತ್ತಾರೆ ಅಂದೆ. ಮಾವ ಕಣ್ಣರಳಿಸಿದರು. "ಒತ್ತಿ ಅಂದ್ರ, ನಾವು ಹೊಲಾ ಒತ್ತಿ ಇಟ್ಟಂಗನ?"

ಹುದ್ದೆ ಹದಿನಾಲ್ಕನೇ ಶತಮಾನದ್ದು. ಗಾರ್ಟರ್ ಎಂಬ ರಾಜಗೌರವದ ಬಳಗಕ್ಕೆ ಬಾಗಿಲು ಕಾಯುವವನಾಗಿ ಶುರುವಾಗಿ, 1522ರ ಹೊತ್ತಿಗೆ ಈಗಿನ ಹೆಸರು ಬಂತು. 2018ರಲ್ಲಿ ಸಾರಾ ಕ್ಲಾರ್ಕ್ ಬರುವ ತನಕ ಒಬ್ಬ ಹೆಣ್ಣುಮಗಳೂ ಆ ಕೋಲು ಹಿಡಿದಿರಲಿಲ್ಲ. ಅದಕ್ಕೂ ಮೊದಲು ಆಕೆ ನೋಡಿಕೊಳ್ಳುತ್ತಿದ್ದದ್ದು ವಿಂಬಲ್ಡನ್ ಟೆನಿಸ್ ಪಂದ್ಯಾವಳಿಯನ್ನು. ಹುದ್ದೆಯ ಚರಿತ್ರೆ ಇಷ್ಟು ಸಾಕು. ಕತೆ ಇರುವುದು ಬಾಗಿಲಿನದ್ದು.

1642ರ ಜನವರಿ 4. ಒಂದನೇ ಚಾರ್ಲ್ಸ್ ದೊರೆ ಸುಮಾರು ನಾನೂರು ಮಂದಿ ಶಸ್ತ್ರಧಾರಿಗಳನ್ನು ಕರಕೊಂಡು ತಾನೇ ಕಾಮನ್ಸ್‌ಗೆ ನುಗ್ಗಿದ. ಐದು ಜನ ಸದಸ್ಯರನ್ನು ಹಿಡಿಯಬೇಕಿತ್ತು. ಸುದ್ದಿ ಮೊದಲೇ ಸಿಕ್ಕಿ ಅವರು ದೋಣಿ ಹತ್ತಿ ಹೋಗಿಯಾಗಿತ್ತು. ದೊರೆ ಸ್ಪೀಕರ್ ಕುರ್ಚಿಯ ಮುಂದೆ ನಿಂತು ಎಲ್ಲಿ ಅವರು ಎಂದು ಕೇಳಿದ. ಸ್ಪೀಕರ್ ವಿಲಿಯಂ ಲೆಂಥಾಲ್ ಮೊಣಕಾಲೂರಿ, ಈ ಸಭೆ ಹೇಳಿದ್ದನ್ನು ಬಿಟ್ಟರೆ ಇಲ್ಲಿ ನನಗೆ ನೋಡಲು ಕಣ್ಣಿಲ್ಲ, ಆಡಲು ನಾಲಿಗೆಯಿಲ್ಲ ಎಂದ. ನನ್ನ ಹಕ್ಕಿಗಳೆಲ್ಲ ಹಾರಿಹೋಗಿವೆ ಎಂದುಕೊಂಡು ದೊರೆ ಹೊರಟ. ಏಳು ವರ್ಷಕ್ಕೆ ಅವನ ತಲೆಯೇ ಹೋಯಿತು. ಆಮೇಲೆ ಕಾಮನ್ಸ್ ಕಲಾಪ ನಡೆಯುವಾಗ ಯಾವ ರಾಜನೂ ರಾಣಿಯೂ ಒಳಗೆ ಕಾಲಿಟ್ಟಿಲ್ಲ. ಕದ ಹಾಕುವುದು ಆ ದಿನದ ನೆನಪಿಗೆ ಅನ್ನುತ್ತಾರೆ.

ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಹದಿಮೂರು ವರ್ಷ ಹಿಂದಿನ ಕತೆ. 1629ರ ಮಾರ್ಚ್ 2. ಇದೇ ದೊರೆ ಸಭೆ ಮುಂದೂಡು ಎಂದು ಸ್ಪೀಕರ್ ಜಾನ್ ಫಿಂಚ್‌ಗೆ ಆಜ್ಞೆ ಕಳಿಸಿದ್ದ. ಸ್ಪೀಕರ್ ಎದ್ದರೆ ಸಭೆ ಮುಗಿದಂತೆ. ಹಾಗಾಗಿ ಇಬ್ಬರು ಸದಸ್ಯರು ಅವನನ್ನು ಕುರ್ಚಿಯಲ್ಲೇ ಒತ್ತಿ ಹಿಡಿದರು. ಫಿಂಚ್ ಅಳುತ್ತಿದ್ದನಂತೆ. ಬಾಗಿಲಿಗೆ ಒಳಗಿನಿಂದ ಬೀಗ. ರಾಜ ಕಳಿಸಿದ ಬ್ಲಾಕ್ ರಾಡ್ ಹೊರಗೆ ಬಡಿಯುತ್ತಿದ್ದಾನೆ, ಒಳಗೆ ಒಂದೊಂದಾಗಿ ಠರಾವು ಪಾಸಾಗುತ್ತಿವೆ. ಆ ಬಡಿತ ನಾಟಕದ್ದಲ್ಲ. ಅದಾದ ಮೇಲೆ ಹನ್ನೊಂದು ವರ್ಷ ಆ ದೇಶದಲ್ಲಿ ಪಾರ್ಲಿಮೆಂಟೇ ಸೇರಲಿಲ್ಲ.

ಇಲ್ಲಿಗೆ ಬಂದಾಗ ಮಾವ ಸುಮ್ಮನಾದರು. 2020ರ ಡಿಸೆಂಬರ್ 15ರಂದು ನಮ್ಮ ವಿಧಾನ ಪರಿಷತ್ತಿನಲ್ಲಿ ಉಪಸಭಾಪತಿಯನ್ನು ಪೀಠದಿಂದ ಎಳೆದು ಹಾಕಿದ್ದನ್ನು, ಸದನದ ಕಾವಲಿನ ಮಾರ್ಷಲ್‌ಗಳು ಸುತ್ತುವರಿದದ್ದನ್ನು ಇಬ್ಬರೂ ಟಿವಿಯಲ್ಲಿ ನೋಡಿದವರು. ಅವರು ಧಾರವಾಡದಲ್ಲಿ, ನಾನು ಅಲ್ಲಿ. ಅಲ್ಲಿ ಕುರ್ಚಿಯಲ್ಲಿ ಒತ್ತಿ ಹಿಡಿದರು, ಇಲ್ಲಿ ಕುರ್ಚಿಯಿಂದ ಎಳೆದರು. ಅಲ್ಲಿ ಜಗಳ ರಾಜನ ಜೊತೆಗಿತ್ತು.

ನಮ್ಮ ಮಾರ್ಷಲ್‌ನ ಚರಿತ್ರೆ ಇಂಗ್ಲೆಂಡಿನಷ್ಟು ಹಳೆಯದಲ್ಲ, ಆದರೆ ಅದರಲ್ಲೂ ಒಂದು ಬಾಗಿಲ ಜಗಳ ಇದೆ. 1925ರಲ್ಲಿ ದಿಲ್ಲಿಯ ಕೇಂದ್ರ ಶಾಸನ ಸಭೆಗೆ ಮೊದಲ ಚುನಾಯಿತ ಭಾರತೀಯ ಅಧ್ಯಕ್ಷರಾದವರು ವಿಠ್ಠಲಭಾಯಿ ಪಟೇಲ್, ವಲ್ಲಭಭಾಯಿಯವರ ಅಣ್ಣ. 1929ರ ಏಪ್ರಿಲ್ 8ರಂದು ಭಗತ್ ಸಿಂಗ್, ಬಟುಕೇಶ್ವರ ದತ್ತ ಬಾಂಬು ಎಸೆದದ್ದು ಇವರು ಪೀಠದಲ್ಲಿದ್ದಾಗಲೇ. ಆಮೇಲೆ ಸಭೆಯನ್ನು ಕಾಯುವವರು ಯಾರು ಎಂಬ ಪ್ರಶ್ನೆ ಬಂತು. ಒಳಗಿನ ಕಾವಲು ಸರ್ಕಾರದ ಪೊಲೀಸರ ಕೈಯಲ್ಲಿ ಇರಕೂಡದು, ಸಭೆಯ ಅಧ್ಯಕ್ಷನ ಕೈಯಲ್ಲಿ ಇರಬೇಕು ಎಂದು ಪಟೇಲರು ಪಟ್ಟು ಹಿಡಿದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸಭೆಗೆ ತನ್ನದೇ ಕಾವಲು ಪಡೆ ಬಂತು. ಹೆಸರು ವಾಚ್ ಆಂಡ್ ವಾರ್ಡ್. ಪೊಲೀಸರೂ ಬ್ರಿಟಿಷರವರೇ, ಸಭೆಯ ಕಟ್ಟಡವೂ ಅವರದ್ದೇ. ಆದರೂ ಬಾಗಿಲ ಹತ್ತಿರ ನಿಂತವನು ಯಾರ ಮನುಷ್ಯ ಎಂಬುದನ್ನು ಬಿಟ್ಟುಕೊಡಲಿಲ್ಲ. ಕೋಲು, ಪಟಕಾ, ಕೂಗು, ಇದೆಲ್ಲದರ ಅಡಿಯಲ್ಲಿರುವ ಪ್ರಶ್ನೆ ನನ್ನ ಮಟ್ಟಿಗೆ ಇದೊಂದೇ.

ಆ ಪಡೆಯವರು ಬರೀ ಪಟಕಾ ಕಟ್ಟಿ ನಿಂತವರಲ್ಲ. 2001ರ ಡಿಸೆಂಬರ್ 13ರಂದು ಸಂಸತ್ತಿಗೆ ನುಗ್ಗಿದ ಕಾರಿನ ಹಿಂದೆ ಓಡಿದ ಜಗದೀಶ್ ಪ್ರಸಾದ್ ಯಾದವ್, ಅವರಂತೆಯೇ ಆ ದಿನ ಪ್ರಾಣ ಕೊಟ್ಟ ಮಾತಬರ್ ಸಿಂಗ್ ನೇಗಿ ಇಬ್ಬರೂ ಇದೇ ವಾಚ್ ಆಂಡ್ ವಾರ್ಡ್‌ನವರು. ಇಬ್ಬರ ಕೈಯಲ್ಲೂ ಬಂದೂಕು ಇರಲಿಲ್ಲ. ಮರಣೋತ್ತರ ಅಶೋಕ ಚಕ್ರ ಬಂತು. ಟೊರಾಂಟೋದಲ್ಲಿರುವ ನಮ್ಮ ಓದುಗರಿಗೆ ಕೆವಿನ್ ವಿಕರ್ಸ್ ನೆನಪಿರಬಹುದು. ಕೆನಡಾ ಹೌಸ್ ಆಫ್ ಕಾಮನ್ಸ್‌ನಲ್ಲಿ ಸದನದ ಅಧಿಕಾರದ ಗುರುತಾದ ದಂಡ ಹೊತ್ತು ದಿನಾ ಸ್ಪೀಕರ್ ಮುಂದೆ ನಡೆಯುತ್ತಿದ್ದ ಸಾರ್ಜೆಂಟ್ ಅಟ್ ಆರ್ಮ್ಸ್. 2014ರ ಅಕ್ಟೋಬರ್ 22ರಂದು ಸಂಸತ್ ಭವನದೊಳಗೆ ಬಂದ ಬಂದೂಕುಧಾರಿಗೆ ಗುಂಡು ಹೊಡೆದವನು ಆತ. ಮರುದಿನ ಅದೇ ಕಪ್ಪು ಅಂಗಿ ಹಾಕಿ, ಅದೇ ದಂಡ ಹೊತ್ತು ಒಳಗೆ ಬಂದ. ಸದಸ್ಯರು ಎದ್ದು ನಿಂತು ಚಪ್ಪಾಳೆ ನಿಲ್ಲಿಸಲೇ ಇಲ್ಲ.

ಇತ್ತ ದಿಲ್ಲಿಯಲ್ಲಿ ಜಗಳ ಆದದ್ದು ಟೋಪಿಗೆ. 2019ರ ನವೆಂಬರ್‌ನಲ್ಲಿ ರಾಜ್ಯಸಭೆಯ 250ನೇ ಅಧಿವೇಶನಕ್ಕೆ ಮಾರ್ಷಲ್‌ಗಳ ಪಟಕಾ ತೆಗೆಸಿ ಸೈನ್ಯದವರಂಥ ಟೋಪಿ, ಸಮವಸ್ತ್ರ ತೊಡಿಸಿದರು. ಸೈನಿಕರಲ್ಲದವರಿಗೆ ಸೈನಿಕರ ವೇಷ ಯಾಕೆ ಎಂದು ಮಾಜಿ ಸೇನಾಧಿಕಾರಿಗಳು ತಕರಾರು ತೆಗೆದರು. ಕೆಲವೇ ದಿನಕ್ಕೆ ಟೋಪಿ ಹೋಯಿತು. ಸಣ್ಣ ವಿಷಯ ಅನಿಸಬಹುದು. ನನಗೆ ಆ ತಕರಾರು ಸರಿ ಅನಿಸಿತು, ಬೇರೆ ಕಾರಣಕ್ಕೆ: ಪಟಕಾ ಕಟ್ಟಿದವನು ಸದನದ ಮನುಷ್ಯ ಅಂತ ದೂರದಿಂದಲೇ ಗೊತ್ತಾಗುತ್ತದೆ.

2023ರ ಡಿಸೆಂಬರ್ 13ರಂದು ಲೋಕಸಭೆಯಲ್ಲಿ ಹೊಗೆ ಡಬ್ಬಿ ಸಿಡಿಸಿದರಲ್ಲ, ಅದಾದ ಮೇಲೆ, 2024ರ ಮೇ ತಿಂಗಳಿಂದ ಸಂಸತ್ತಿನ ಭದ್ರತೆ ಸಿಐಎಸ್‌ಎಫ್ ಕೈಗೆ ಹೋಯಿತು. ಅದು ಗೃಹ ಸಚಿವಾಲಯದ ಪಡೆ. ಭದ್ರತೆ ಬೇಕು, ಒಪ್ಪಿದೆ. ಆದರೂ 1929ರಲ್ಲಿ ವಿಠ್ಠಲಭಾಯಿ ಬೇಡ ಅಂದದ್ದು ಇದನ್ನೇ ಅಲ್ಲವೇ? 2025ರ ಆಗಸ್ಟ್‌ನಲ್ಲಿ ನಮ್ಮ ಮಲ್ಲಿಕಾರ್ಜುನ ಖರ್ಗೆಯವರು ರಾಜ್ಯಸಭೆಯ ಬಾವಿಗೆ, ಅಂದರೆ ಪೀಠದ ಮುಂದಿನ ಜಾಗಕ್ಕೆ, ಸಿಐಎಸ್‌ಎಫ್‌ನವರನ್ನು ಇಳಿಸಿದ್ದೀರಿ ಎಂದು ಪತ್ರ ಬರೆದರು. ಅವರು ಸಂಸತ್ತಿನದೇ ಸಿಬ್ಬಂದಿ ಎಂದು ಪೀಠದಿಂದ ಉತ್ತರ ಬಂತು. ಯಾರ ಪಕ್ಷ ಯಾವುದು ಎಂದು ನೋಡದೆ ಆ ವಾದವನ್ನು ಓದಿದರೆ, ಹುಬ್ಬಳ್ಳಿಯಿಂದ ಮೊದಲ ರಾಜ್ಯಸಭೆಗೆ ಹೋದ ನಾ. ಸು. ಹರ್ಡೀಕರ್ ನೆನಪಾಗುತ್ತಾರೆ. ಸೇವಾದಳ ಕಟ್ಟಿದವರು, 1924ರ ಬೆಳಗಾವಿ ಕಾಂಗ್ರೆಸ್‌ನಲ್ಲಿ ಸ್ವಯಂಸೇವಕರ ಪಡೆ ನಡೆಸಿದವರು. ಬಾಗಿಲಲ್ಲಿ ಯಾರನ್ನು ನಿಲ್ಲಿಸಬೇಕು ಎಂಬುದು ಆ ಮನುಷ್ಯನಿಗೆ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ.

ಮಾವ ಇಷ್ಟೆಲ್ಲ ಕೇಳಿ ಒಂದೇ ಮಾತಿನಲ್ಲಿ ಮುಗಿಸಿದರು. "ಅಲ್ಲೆ ಹೊರಗಿನಾಂವನ್ನ ಒಳಗ ಬಿಡಾಂಗಿಲ್ಲ. ನಮ್ಮಲ್ಲೆ ಒಳಗಿನಾಂವನ್ನ ಹೊತ್ತು ಹೊರಗ ಹಾಕ್ತಾರ." 2025ರ ಮಾರ್ಚ್‌ನಲ್ಲಿ ವಿಧಾನಸಭೆಯಿಂದ ಹದಿನೆಂಟು ಶಾಸಕರನ್ನು ಅಮಾನತು ಮಾಡಿ ಮಾರ್ಷಲ್‌ಗಳು ಎತ್ತಿಕೊಂಡು ಹೋದದ್ದು ಅವರ ಮನಸ್ಸಿನಲ್ಲಿತ್ತು. ತ್ರಿಪುರಾದಲ್ಲಿ 2016ರಲ್ಲಿ ಒಬ್ಬ ಶಾಸಕರು ಸ್ಪೀಕರ್ ಮುಂದಿನ ದಂಡವನ್ನೇ ಎತ್ತಿಕೊಂಡು ಹೊರಗೆ ಓಡಿದ್ದರು, ಹಿಂದೆ ಕಾವಲಿನವರು, ಅಂದೆ. "ಅಂದ್ರ ಕೋಲೂ ಹೋತು" ಅಂದರು.

ಆಮೇಲೆ ಮಾತು ಅಡ್ಡಹೆಸರುಗಳ ಕಡೆ ಹೊರಳಿತು, ಮದುವೆ ಪಂಕ್ತಿಯಲ್ಲಿ ಹಾಗಾಗುವುದೇ. ಚೋಪದಾರ, ದಫೇದಾರ, ಜಮಾದಾರ, ವಾಲೀಕಾರ, ತಳವಾರ, ಕೋಲಕಾರ: ಗದಗ-ಹಾವೇರಿ ಕಡೆ ಮತದಾರರ ಪಟ್ಟಿ ಬಿಚ್ಚಿದರೆ ಹಳೆಯ ದರ್ಬಾರೇ ಎದ್ದು ಬಂದ ಹಾಗೆ. ಹಳಗನ್ನಡದಲ್ಲಿ ಬಾಗಿಲು ಕಾಯುವವನು ಪಡಿಯರ, ಪಡಿಹಾರಿ. ಶರಣರಲ್ಲಿ ಒಬ್ಬನ ಹೆಸರೇ ಪಡಿಹಾರಿ ಉತ್ತಣ್ಣ. ಥೇಮ್ಸ್ ದಂಡೆಯ ಬಸವಣ್ಣನ ಮೂರ್ತಿಗೆ ಮಾಲೆ ಹಾಕಿದಾಗಲೆಲ್ಲ ಅನುಭವ ಮಂಟಪವೇ ಮೊದಲ ಪಾರ್ಲಿಮೆಂಟು ಎಂದು ಭಾಷಣ ಮಾಡುತ್ತೇವೆ. ಆ ವಾದಕ್ಕೆ ನಾನು ಇಳಿಯುವುದಿಲ್ಲ. ಮುಂದಿನ ಬಸವ ಜಯಂತಿಗೆ ಯಾರಾದರೂ ಉತ್ತಣ್ಣನ ಮೇಲೆ ಎರಡು ಪುಟ ಬರೆದು ಕೊಟ್ಟರೆ ಮಾತ್ರ ಖಂಡಿತ ಅಚ್ಚು ಹಾಕುತ್ತೇನೆ. ಕಳೆದ ಸಲದ ಹಾಗೆ ವಾಟ್ಸಾಪಿನಲ್ಲಿ ಫೋಟೋ ತೆಗೆದು ಕಳಿಸಬೇಡಿ, ಟೈಪ್ ಮಾಡಿ.

ಸಂಜೆ ಐದಕ್ಕೆ ಮಂಟಪ ಖಾಲಿಯಾಗುತ್ತಿತ್ತು. ನಮ್ಮ ಚೋಪದಾರ ಹುಡುಗ ಪಟಕಾ ಬಿಚ್ಚಿ ಬಗಲಲ್ಲಿ ಇಟ್ಟುಕೊಂಡು ಕುರ್ಚಿಗಳ ಅಡಿಯಲ್ಲಿ ಬಗ್ಗಿ ಬಗ್ಗಿ ಹುಡುಕುತ್ತಿದ್ದ. ಕೋಲಿನ ಗುಬುಟು ಬಿದ್ದುಹೋಗಿತ್ತು. "ಐವತ್ತ ರೂಪಾಯಿ ಮುರಕೋತಾರ್ರೀ." ಮಾವನೂ ಕೋಲೂರಿಕೊಂಡು ಎದ್ದರು. ಮೂವರೂ ಹುಡುಕಿದೆವು. ವೇದಿಕೆಯ ಮೆಟ್ಟಿಲ ಪಕ್ಕ, ಉದುರಿದ ಸೇವಂತಿಗೆ ಮತ್ತು ತುಳಿದ ಅಕ್ಕಿಕಾಳಿನ ನಡುವೆ ಸಿಕ್ಕಿತು. ಹುಡುಗ ಅಂಗಿಯ ತುದಿಯಿಂದ ಒರೆಸಿ, ರಾಡಿನ ಬಾಯಿಗೆ ಇಟ್ಟು, ತಲೆಕೆಳಗು ಮಾಡಿ ಬಾಗಿಲ ಹೊಸ್ತಿಲಿಗೆ ಮೂರು ಸಲ ಕುಟ್ಟಿದ. ಕೂತಿತು.