ಕೆಳಗಿನ ಮನೆಯ ಅಕ್ಕನಿಗೆ

ಮೊನ್ನೆ ಶನಿವಾರ ನನ್ನ ಹೆಂಡತಿ ಮಗಳ ಶಾಲೆಗೆ ನಡೆದುಕೊಂಡೇ ಬಂದಳು. ವಾಕರ್ ಇಲ್ಲ, ಕೋಲು ಮಾತ್ರ. ಮಾರ್ಕ್ಸ್ ಕಾರ್ಡಿಗೆ ಎಡಗೈಯಲ್ಲಿ ಸಹಿ ಹಾಕಿದಳು. ಮಗಳು ದಾರಿಯುದ್ದಕ್ಕೂ ಆ ಸೊಟ್ಟ ಸಹಿಯನ್ನು ತೆಗೆದು ತೆಗೆದು ನೋಡುತ್ತಿದ್ದಳು. ಸ್ಟ್ರೋಕ್ ಆಗಿ 14 ತಿಂಗಳಾಯಿತು. ಈ ಮಾತುಗಳನ್ನು ಯಾವತ್ತೋ ಬರೆಯಬೇಕಿತ್ತು.

ಅವತ್ತು ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅವಳ ಬಲಗೈ ಸ್ವಾಧೀನ ತಪ್ಪಿತ್ತು, ಮಾತೂ ಹೋಗಿತ್ತು. "ಬಿಪಿ ಇರಬೇಕು, ಸ್ವಲ್ಪ ಮಲಗಲಿ" ಎಂದ ನನ್ನ ಮಾತು ಕೇಳದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದುಕೊಂಡು ಹೋದ ಆಟೋ ಅಣ್ಣನಿಗೆ ಮೊದಲು ಕೈಮುಗಿಯುತ್ತೇನೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಸ್ಟ್ರೋಕ್ ಶುರುವಾದಾಗಿನಿಂದ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ ಅಷ್ಟೇ ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಚೀಟಿ ದುಡ್ಡು ನನಗೆ ಬಿಟ್ಟುಕೊಟ್ಟ ಗೆಳೆಯರು, ಮಕ್ಕಳಿಗೆ ತಿಂಗಳುಗಟ್ಟಲೆ ಡಬ್ಬಿ ಕಟ್ಟಿದ ಎದುರುಮನೆಯವರು, ಫಿಸಿಯೋಥೆರಪಿಸ್ಟ್, ಅತ್ತೆ, ಮಾವ, ಎಲ್ಲರಿಗೂ ಕೈಮುಗಿಯುತ್ತೇನೆ.

ಕೆಳಗಿನ ಮನೆಯ ಅಕ್ಕನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು.

ಐಸಿಯುನಿಂದ ವಾರ್ಡಿಗೆ ಹಾಕಿದ ಮೊದಲ ರಾತ್ರಿ. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರು ಇರುವ ಹಾಗಿಲ್ಲ. ಅತ್ತೆ ಇನ್ನೂ ಹಾವೇರಿಯಿಂದ ಬರುವ ಬಸ್ಸಿನಲ್ಲಿದ್ದರು. ಅಕ್ಕ ಬ್ಲೌಸ್ ಹೊಲಿಯುತ್ತಾರೆ. ಅಲ್ಲಿಯವರೆಗೆ ನಮ್ಮ ನಡುವೆ ಇದ್ದದ್ದು ನೀರು ಬಂತಾ, ಕರೆಂಟ್ ಹೋಯ್ತಾ ಎನ್ನುವಷ್ಟು ಮಾತು. ನಾನು ಕೇಳಿರಲೇ ಇಲ್ಲ. ಒಂದು ಬೆಡ್‌ಶೀಟು, ಹುಕ್ಸ್ ಹಾಕಬೇಕಿದ್ದ ಬ್ಲೌಸುಗಳ ಚೀಲ ಹಿಡಿದುಕೊಂಡು ಬಂದರು. "ನೀವು ಮಕ್ಳ ಹತ್ರ ಹೋಗಿ. ಇಲ್ಲಿ ನಾನಿದೀನಿ" ಎಂದರು.

ಮನೆಯಲ್ಲಿ 5 ವರ್ಷದ ಮಗ ಎದ್ದೇ ಇದ್ದ. ಸಂಜೆ ಅಮ್ಮನನ್ನು ನೋಡಿ ಬಂದಿದ್ದನಲ್ಲ. "ಅಮ್ಮಂಗೆ ನನ್ನ ಹೆಸರು ಮರ್ತೋಯ್ತಾ?" ಎಂದ. ಏನೂ ಹೇಳಲಾಗಲಿಲ್ಲ. ಅವನು ಮಲಗಿದ ಮೇಲೆ ಅಡುಗೆಮನೆಗೆ ಹೋದೆ. ಸ್ಟ್ರೋಕ್ ಆದ ದಿನ ಅವಳು ನೆನೆಹಾಕಿದ್ದ ಉದ್ದಿನಬೇಳೆ ಹಳಸಿ ವಾಸನೆ ಬಂದಿತ್ತು. ಅದನ್ನು ಚೆಲ್ಲಲು ಕೈ ಬರಲಿಲ್ಲ. ಹೀಗೆ ಉಳಿಯುವುದಕ್ಕಿಂತ ಅವಳು ಹೋಗಿಬಿಟ್ಟಿದ್ದರೇ ಅವಳಿಗೆ ಸುಖವಿತ್ತೇನೋ ಅಂತ ಆ ರಾತ್ರಿ ಅನ್ನಿಸಿತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಅತ್ತ ವಾರ್ಡಿನಲ್ಲಿ ಅವಳು ಮೂಗಿನ ಪೈಪು ಕೀಳುತ್ತಿದ್ದಳಂತೆ. ಕೈ ಕಟ್ಟಬೇಕಾಗುತ್ತೆ ಎಂದರಂತೆ ಆಸ್ಪತ್ರೆಯವರು. ಅಕ್ಕ ಬಿಡಲಿಲ್ಲ. ಆ ಎಡಗೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು, ಅದರ ಮೇಲೆಯೇ ಬ್ಲೌಸ್ ಹರಡಿಕೊಂಡು, ಬೆಳಗಿನವರೆಗೂ ಹುಕ್ಸ್ ಹಾಕುತ್ತಾ ಕೂತರು. ಎಣಿಸುತ್ತಾ ಹಾಕುವುದು ಅವರ ಅಭ್ಯಾಸ. ಬೆಳಗಾಗುವ ಹೊತ್ತಿಗೆ ನನಗೆ ಫೋನ್ ಬಂತು. "ನಾಲ್ಕು ಅಂದ್ರು!" ಎಂದರು. ಗಂಟೆ ಹೇಳುತ್ತಿದ್ದಾರೆ ಅಂದುಕೊಂಡೆ. "ಅಲ್ಲ, ನಾನು ಒಂದು, ಎರಡು, ಮೂರು ಅಂದೆ. ಇವ್ರು ನಾಲ್ಕು ಅಂದ್ರು." ಆಮೇಲೆ ಅಕ್ಕನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಉದ್ದಿನಬೇಳೆ ಚೆಲ್ಲಿ, ಪಾತ್ರೆ ತೊಳೆದು, ಆಸ್ಪತ್ರೆಗೆ ಓಡಿದೆ.

ಮಾತು ಹೋದವರಲ್ಲೂ ಎಣಿಕೆ, ವಾರಗಳ ಹೆಸರು, ಬಾಯಿಪಾಠದ ಹಾಡು ಎಷ್ಟೋ ಸಲ ಉಳಿದಿರುತ್ತವೆ ಎಂದು ಆಮೇಲೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ತಿಳಿಸಿದರು. ಅಲ್ಲಿಂದಲೇ ಉಳಿದ ಮಾತನ್ನು ಎಳೆದು ತರಬೇಕಂತೆ. ಅಕ್ಕ ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ದಿನಾ ಮಧ್ಯಾಹ್ನ ಮಿಷನ್ ನಿಲ್ಲಿಸಿ ಮೇಲೆ ಬಂದು, ಇವಳ ಜೊತೆ ಹೆಜ್ಜೆ ಎಣಿಸಿದರು, ಮೆಟ್ಟಿಲು ಎಣಿಸಿದರು. ಮಗನ ಹೆಸರು ಬರಲು ಮೂರು ತಿಂಗಳು ಹಿಡಿಯಿತು. ಬಂದ ದಿನ ಅವನು ಸುಮ್ನೆ ಕೂರಲಿಲ್ಲ. ಮತ್ತೆ ಕರಿ, ಮತ್ತೆ ಕರಿ ಎಂದು ಅವಳನ್ನು ಸುಸ್ತು ಮಾಡಿಬಿಟ್ಟ.

ಅಕ್ಕಾ, ದುಡ್ಡು ಕೊಡಲು ಬಂದಾಗ ನೀವು ಬಾಗಿಲು ಹಾಕಿಕೊಂಡಿರಿ. ಈ ಬರಹಕ್ಕೆ ಬೇಡ ಅನ್ನಬೇಡಿ.

ಹಬ್ಬಕ್ಕೆ ಇವಳ ಬ್ಲೌಸನ್ನು ಅಕ್ಕನೇ ಹೊಲಿಯುತ್ತಿದ್ದಾರೆ. ಬಲಗೈ ಇನ್ನೂ ಪೂರ್ತಿ ಮೇಲೇಳುವುದಿಲ್ಲ, ಅದಕ್ಕೆ ಬಲತೋಳು ಸ್ವಲ್ಪ ಸಡಿಲ ಇಡುತ್ತಾರಂತೆ. ಹುಕ್ಸ್ ಬದಲು ಟಿಚ್ ಬಟನ್. ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದು.