ರಕ್ತದ ಕ್ಯಾನ್ಸರ್ ಯಾರ ಇಚ್ಛೆ ಅಂದೆಯಲ್ಲ

ಪ್ರೀತಿಯ ಮಗಳೇ,

ನಿನ್ನೆ ಮಾತಿನ ಮಧ್ಯೆಯೇ ನೀನು ಫೋನ್ ಇಟ್ಟುಬಿಟ್ಟೆ. ವಾರ್ಡಿನ ಆ ಮಗು ಹೋಯಿತು ಅಂದಾಗಿನ ನಿನ್ನ ದನಿ ಇನ್ನೂ ಕಿವಿಯಲ್ಲಿದೆ.

ಮನುಷ್ಯನಿಗೆ ದೇವರು ಸ್ವಂತ ಇಚ್ಛೆ ಕೊಟ್ಟಿದ್ದಾನೆ, ಅದಕ್ಕೇ ಲೋಕದಲ್ಲಿ ನೋವಿದೆ ಅಂದೆ ನಾನು. 'ರಕ್ತದ ಕ್ಯಾನ್ಸರ್ ಯಾರ ಇಚ್ಛೆ ಅಮ್ಮಾ?' ಅಂದೆ ನೀನು. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಒಬ್ಬ ಇನ್ನೊಬ್ಬನನ್ನು ಹೊಡೆದರೆ, ಹೊಡೆಯದೇ ಇರಬಹುದಿತ್ತು ಅನ್ನಬಹುದು. ರೋಗಕ್ಕೆ ಏನನ್ನುವುದು? 1755ರ ನವೆಂಬರ್ 1ರಂದು, ಸಂತರ ಹಬ್ಬದ ಬೆಳಗ್ಗೆ, ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಭೂಮಿ ನಡುಗಿತು. ಪ್ರಾರ್ಥನೆಗೆ ಸೇರಿದವರ ಮೇಲೆಯೇ ಚರ್ಚುಗಳು ಕುಸಿದವು. ಆಮೇಲೆ ಸಮುದ್ರ ನುಗ್ಗಿತು, ಬೆಂಕಿ ಹತ್ತಿತು. ಅದು ಪಾಪಕ್ಕೆ ಸಿಕ್ಕ ಶಿಕ್ಷೆ ಅಂತ ಬೋಧಿಸಿದ ಪಾದ್ರಿಗಳೂ ಇದ್ದರು.

ಅಂಥ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನಿನ್ನ ತಮ್ಮನ ವಿಷಯ ಬರೆಯುವುದಿಲ್ಲ, ನಿನಗೆ ಗೊತ್ತಿರುವುದೇ. ಮಾತನಾಡಿಸಲು ಬಂದವರೊಬ್ಬರು ನನ್ನ ಕೈ ಹಿಡಿದು, 'ಹಿಂದಿನ ಜನ್ಮದ ಕರ್ಮ, ಯಾರೇನು ಮಾಡೋಕಾಗುತ್ತೆ' ಅಂದರು. ಒಳ್ಳೆಯವರೇ, ಸಮಾಧಾನಕ್ಕೇ ಹೇಳಿದ್ದು. ಆದರೆ ತಪ್ಪನ್ನು ಕೂಸಿನ ತಲೆಗೇ ಕಟ್ಟಿ ಹೋದರು. ನೀನು ಬಾಗಿಲ ಹತ್ತಿರ ನಿಂತಿದ್ದೆ. ಕೇಳಿಸಿಕೊಂಡಿದ್ದೆಯಾ? ಎಷ್ಟೋ ಸಲ ಕೇಳಬೇಕು ಅಂದುಕೊಂಡಿದ್ದೇನೆ. ನಿನ್ನ ನಂಬಿಕೆ ಮುರಿದದ್ದು ಅವತ್ತೇನಾ? ನಾನು ಆಗಲೇ ಎದ್ದು, ಹಾಗನ್ನಬೇಡಿ ಅಂದಿದ್ದರೆ? ನಿನಗಾದರೂ ಕೇಳಿಸುತ್ತಿತ್ತು, ಅಲ್ವಾ? ನಾನು ಮಾತ್ರ ಪ್ರಾರ್ಥನೆ ಬಿಡಲಿಲ್ಲ. ಬೈಯುವುದಕ್ಕೂ ನನಗೆ ದೇವರು ಬೇಕಿತ್ತು.

ದೇವರನ್ನು ಬಿಟ್ಟರೆ ಇವಳು ಒಳ್ಳೆಯವಳಾಗಿ ಉಳಿಯುತ್ತಾಳಾ ಅಂತ ನಿನ್ನಪ್ಪನ ಚಿಂತೆ. ನನಗದು ಇಲ್ಲ. ದೇವತೆಗಳು ಮೆಚ್ಚಿದ್ದಕ್ಕೆ ಒಂದು ಕೆಲಸ ಒಳ್ಳೆಯದಾಗುತ್ತದೋ, ಒಳ್ಳೆಯದಾದ್ದಕ್ಕೇ ಅವರು ಮೆಚ್ಚುತ್ತಾರೋ? ಗ್ರೀಕ್ ತತ್ವಜ್ಞಾನಿ ಪ್ಲೇಟೋ ಬರೆದ ಸಂವಾದದಲ್ಲಿ ಅವನ ಗುರು ಸಾಕ್ರಟೀಸ್ ಹೆಚ್ಚುಕಡಿಮೆ ಹೀಗೆ ಕೇಳುತ್ತಾನೆ. ನಾನು ಎರಡನೆಯ ಮಾತಿನ ಕಡೆ. ದೇವರೇ ಹೇಳಿದರೂ ಮಗುವನ್ನು ನೋಯಿಸುವುದು ಒಳ್ಳೆಯದಾಗುವುದಿಲ್ಲ. ಡ್ಯೂಟಿ ಮುಗಿದ ಮೇಲೂ ಆ ಮಗುವಿನ ಪಕ್ಕ ಕೂತಿದ್ದೆಯಂತೆ. ಎಷ್ಟು ಹೆಮ್ಮೆಯಾಯಿತು ಗೊತ್ತಾ!

ಆದರೂ ಒಂದು ಮಾತು. ಆ ತಾಯಿ ದೇವರ ಹೆಸರು ಹೇಳಿ ಅತ್ತರೆ ವಾದ ಮಾಡಬೇಡ. ನಂಬದವರೂ ಸುಮ್ನೆ ಕಾರಣ ಹೇಳಿಬಿಡುತ್ತಾರೆ, ಇನ್ನೂ ಮುಂಚೆ ತರಬೇಕಿತ್ತು ಅಂತ. ಅದೂ ಕರ್ಮದ ಮಾತಿನಷ್ಟೇ ಕ್ರೂರ. ಸಿಟ್ಟಿನಲ್ಲಿ ಯಾರಿಗೂ ಏನೂ ಹೇಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಜಾಸ್ತಿ ನೈಟ್ ಡ್ಯೂಟಿ ಒಪ್ಪಿಕೊಳ್ಳಬೇಡ.

ರಜೆ ಯಾವಾಗ ಅಂತ ತಿಳಿಸು. ದೇವರ ವಿಷಯದಲ್ಲಿ ಇನ್ನೂ ಜಗಳ ಇದ್ದರೆ ಇಲ್ಲಿಗೆ ಬಂದು ನನ್ನ ಎದುರಿಗೇ ಆಡು.

ನಿನ್ನ ಅಮ್ಮ